ಎಡಮೂಲೆಗೆ ಏನು ಬಡಿಸಬೇಕು?

ಬಾಳೆಎಲೆಯ ಎಡಮೂಲೆಗೆ ಮೊದಲು ಉಪ್ಪು, ಆಮೇಲೆ ಉಪ್ಪಿನಕಾಯಿ, ಚಟ್ನಿ. ನಾಲಗೆ ಚುರುಕಾಗುವುದೇ ಅಲ್ಲಿಂದ. ಮೂತ್ರಪಿಂಡದ ದೀರ್ಘಕಾಲೀನ ಕಾಯಿಲೆ ಕಾಲಿಟ್ಟ ಮನೆಯಲ್ಲಿ ಮೊದಲು ಬರಿದಾಗುವುದೂ ಆ ಮೂಲೆಯೇ. ಊಟ ಸಪ್ಪೆಯಾಗಿ, ರೋಗಿಗೆ ತುತ್ತು ಇಳಿಯದಂತಾಗುತ್ತದೆ. ಅದನ್ನು ಬರಿದು ಬಿಡಬೇಕಿಲ್ಲ. ಬಡಿಸುವುದನ್ನು ಹೊಸದಾಗಿ ಆರಿಸಿಕೊಳ್ಳಬೇಕು, ಅಷ್ಟೆ.

ಈ ಕಾಯಿಲೆಯವರಿಗೆ ಸಾಮಾನ್ಯವಾಗಿ ಹೇಳುವ ಮಿತಿ ದಿನಕ್ಕೆ 2 ಗ್ರಾಂ ಸೋಡಿಯಂ, ಅಂದರೆ 5 ಗ್ರಾಂ ಉಪ್ಪು. ಸಾರು, ಪಲ್ಯ, ರೊಟ್ಟಿ ಎಲ್ಲವೂ ಈ ಒಂದು ಟೀ ಚಮಚದೊಳಗೇ ಮುಗಿಯಬೇಕು. ಮಲೆನಾಡಿನ ಅಪ್ಪೆಮಿಡಿ ವರ್ಷಗಟ್ಟಲೆ ಕೆಡದೆ ಉಳಿಯುವುದು ಉಪ್ಪಿನ ಬಲದಿಂದಲೇ. ಉಪ್ಪು ಕಡಿಮೆ ಮಾಡಿದರೆ ಮಿಡಿ ಕೊಳೆಯುತ್ತದೆ. ಹಪ್ಪಳದಲ್ಲಿ ಉಪ್ಪಿನ ಜೊತೆಗೆ ಹಪ್ಪಳಖಾರವೂ ಸೇರುತ್ತದೆ, ಅದೂ ಸೋಡಿಯಂ ಲವಣವೇ.

ಹಾಗೆಂದು ಅಂಗಡಿಯ ‘ಲೋ ಸೋಡಿಯಂ’ ಉಪ್ಪಿಗೆ ಕೈಹಾಕುವುದು ಎಲ್ಲಕ್ಕಿಂತ ಅಪಾಯಕಾರಿ ಆಯ್ಕೆ. ಅದರಲ್ಲಿ ಸೋಡಿಯಂ ಜಾಗಕ್ಕೆ ಬರುವುದು ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್. ಸೋತ ಮೂತ್ರಪಿಂಡ ಪೊಟ್ಯಾಸಿಯಂ ಹೊರಹಾಕಲಾರದು. ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪೀತು. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಇಂಥ ಉಪ್ಪನ್ನು ಶಿಫಾರಸು ಮಾಡಿದಾಗ ಮೂತ್ರಪಿಂಡ ಕುಂದಿದವರನ್ನು ಹೊರಗಿಟ್ಟಿತು. ಸೈಂಧವ ಲವಣವೂ ಬಹುಪಾಲು ಸೋಡಿಯಂ ಕ್ಲೋರೈಡೇ.

ಹುಳಿಯಲ್ಲೂ ಎಚ್ಚರ ಬೇಕು. ಕರಾವಳಿಯ ಹಿತ್ತಲಿನ ಧಾರೆಹುಳಿ ಇವರಿಗೆ ವಿಷವೇ ಸರಿ. ಅದರೊಳಗಿನ ಕ್ಯಾರಂಬಾಕ್ಸಿನ್ ಎಂಬ ನರವಿಷವನ್ನು ಬ್ರೆಜಿಲ್ ವಿಜ್ಞಾನಿಗಳು 2013ರಲ್ಲಿ ಗುರುತಿಸಿದರು. ಆರೋಗ್ಯವಂತರ ಮೂತ್ರಪಿಂಡ ಹೊರಹಾಕುವ ಈ ವಿಷ ರೋಗಿಗಳಲ್ಲಿ ಬಿಡದ ಬಿಕ್ಕಳಿಕೆ, ಗೊಂದಲ, ಅಪಸ್ಮಾರ ತರಬಲ್ಲದು. ಬಿಂಬುಳಿಯಲ್ಲಿ ಆಕ್ಸಲೇಟ್ ಹೇರಳ. ಅದರ ರಸ ಕುಡಿದು ಮೂತ್ರಪಿಂಡ ಹಠಾತ್ತನೆ ಕೆಟ್ಟ ಪ್ರಕರಣಗಳು ಕೇರಳದಿಂದ ವರದಿಯಾಗಿವೆ.

ಇನ್ನು ಧೈರ್ಯವಾಗಿ ಬಡಿಸಬಹುದಾದದ್ದು. ಎಳೆ ಶುಂಠಿಯನ್ನು ಕಡ್ಡಿಯಂತೆ ಹೆಚ್ಚಿ, ನಿಂಬೆರಸ ಹಿಂಡಿ, ಎರಡು ಸೀಳು ಹಸಿಮೆಣಸು ಸೇರಿಸಿ. ಚಮಚ ಎಣ್ಣೆ ಕಾಯಿಸಿ ಸಾಸಿವೆ ಚಟಪಟ ಸಿಡಿದು ನಿಂತ ಮೇಲೆ ಇಂಗು, ಕರಿಬೇವು ಹಾಕಿ, ಬಿಸಿಯಾಗಿರುವಾಗಲೇ ಅದರ ಮೇಲೆ ಸುರಿಯಿರಿ. ಹುಳಿ, ಖಾರ, ಇಂಗಿನ ಘಾಟು ಮೂರೂ ಕೂಡಿದಾಗ ಉಪ್ಪಿಲ್ಲವೆಂಬ ಕೊರತೆ ಬಹಳಷ್ಟು ಮರೆಯಾಗುತ್ತದೆ. ಕೆಡದಂತೆ ಕಾಯುವ ಉಪ್ಪು ಇದರಲ್ಲಿಲ್ಲ, ಆದ್ದರಿಂದ ಅಂದಂದಿಗೆ ಬೇಕಾದಷ್ಟೇ ಮಾಡಿಕೊಳ್ಳಿ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿಗಳನ್ನು ಮನೆಯಲ್ಲೇ ಉಪ್ಪಿಲ್ಲದೆ ಕುಟ್ಟಬಹುದು. ಆದರೆ ಅವುಗಳಲ್ಲಿ ಪೊಟ್ಯಾಸಿಯಂ, ರಂಜಕ ಎರಡೂ ಇರುವುದರಿಂದ ಚಿಟಿಕೆಗೆ ನಿಲ್ಲಿಸಬೇಕು.

ಬಾಟಲಿಯ ಸಾಸ್‌ಗಳ ಪೈಕಿ ಸೋಯಾ ಸಾಸ್ ದೂರವೇ ಇರಲಿ: ಒಂದು ದೊಡ್ಡ ಚಮಚದಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ, ದಿನದ ಪಾಲಿನ ಹೆಚ್ಚುಕಡಿಮೆ ಅರ್ಧ. ಪೊಟ್ಟಣ ಕೊಳ್ಳುವಾಗ ಹಿಂಬದಿ ಓದಿ. ಐಎನ್‌ಎಸ್ 508 ಅಂದರೆ ಪೊಟ್ಯಾಸಿಯಂ ಕ್ಲೋರೈಡ್. 450, 451, 452 ಅಂದರೆ ದೇಹ ಸಲೀಸಾಗಿ ಹೀರಿಕೊಳ್ಳುವ ಫಾಸ್ಫೇಟ್‌ಗಳು. ಎಲ್ಲರ ಮಿತಿಯೂ ಒಂದೇ ಅಲ್ಲ. ಹೊಸದೇನನ್ನಾದರೂ ಎಲೆಗೆ ಬಡಿಸುವ ಮೊದಲು ಇತ್ತೀಚಿನ ರಕ್ತಪರೀಕ್ಷೆಯ ವರದಿಯನ್ನು ವೈದ್ಯರಿಗೋ ಆಹಾರತಜ್ಞರಿಗೋ ತೋರಿಸಿ, ನಿಮ್ಮ ಪೊಟ್ಯಾಸಿಯಂ ಮಿತಿ ಎಷ್ಟೆಂದು ಕೇಳಿಕೊಳ್ಳಿ.