ಬೆಳವಡಿ, ಕಿತ್ತೂರು ರಾಣಿಯರ ಚರಿತ್ರೆಗಳು: ಒಂದು ವಿಮರ್ಶೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳನ್ನೊಳಗೊಂಡ ಮಲಪ್ರಭೆಯ ಸೀಮೆಯು ಇಬ್ಬರು ವೀರವನಿತೆಯರಿಂದ ನಾಡಿನಲ್ಲೆಲ್ಲ ಪ್ರಖ್ಯಾತವಾಗಿದೆ. 17ನೆಯ ಶತಮಾನದ ಬೆಳವಡಿ ಮಲ್ಲಮ್ಮ ಒಬ್ಬಳು. 19ನೆಯ ಶತಮಾನದ ಕಿತ್ತೂರು ಚೆನ್ನಮ್ಮ ಇನ್ನೊಬ್ಬಳು. ಇವರನ್ನು ಕುರಿತು ಚರಿತ್ರೆ, ಕಾದಂಬರಿ, ನಾಟಕ, ಬಾಲಕರ ಪುಸ್ತಕಗಳು ಬಂದಿವೆ, ಬರುತ್ತಲೂ ಇವೆ. ಅಭಿಮಾನದಲ್ಲಿ ಇವಾವುವೂ ಕಡಮೆಯಲ್ಲ. ಆದರೆ ಜೀವನಚರಿತ್ರೆಯೆಂಬ ಹೆಸರು ಈ ಬರವಣಿಗೆಗೆ ಎಷ್ಟರಮಟ್ಟಿಗೆ ಸಲ್ಲುವುದೆಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಅಳೆಯುವುದಕ್ಕೆ ಒಂದು ಮಾನ ಬೇಕಷ್ಟೆ. ಅಮೆರಿಕ ದೇಶದ ಖ್ಯಾತ ಸ್ತ್ರೀಯರ ಚರಿತ್ರಕೋಶವೊಂದು ಎಡ್ವರ್ಡ್ ಜೇಮ್ಸ್ ಮೊದಲಾದವರ ಸಂಪಾದಕತ್ವದಲ್ಲಿ 1971ರಲ್ಲಿ 3 ಸಂಪುಟಗಳಾಗಿ ಹೊರಬಿದ್ದಿತು. 1607ರಿಂದ 1950ರ ವರೆಗಿನ 1,359 ಚರಿತ್ರೆಗಳು ಅದರಲ್ಲಿವೆ. ಆ ಗ್ರಂಥವು ಪಾಲಿಸಿದ ಎರಡು ನಿಯಮಗಳು ನಮಗೆ ಉಪಯುಕ್ತವಾಗಿವೆ. ಗಂಡನ ಪದವಿಯ ಬಲದಿಂದ ಯಾರಿಗೂ ಅಲ್ಲಿ ಪ್ರವೇಶವಿಲ್ಲ. ರಾಷ್ಟ್ರಾಧ್ಯಕ್ಷರ ಪತ್ನಿಯರು ಮಾತ್ರ ಇದಕ್ಕೆ ಅಪವಾದ. ಎರಡನೆಯದಾಗಿ, ಪ್ರತಿಯೊಂದು ಚರಿತ್ರೆಯ ಕೊನೆಗೂ ಅದರ ಆಧಾರಗಳನ್ನು ಹೇಳಿದೆ. ಸ್ತ್ರೀಯು ತಾನೇ ಏನು ಮಾಡಿದಳು, ಅದನ್ನು ನಾವು ಯಾರ ಬಾಯಿಂದ ತಿಳಿದೆವು ಎಂಬ ಈ ಎರಡು ಪ್ರಶ್ನೆಗಳನ್ನು ನಮ್ಮ ಚರಿತ್ರಕಾರರಿಗೂ ಹಾಕಬಹುದು.

ಮೊದಲು ಮಲ್ಲಮ್ಮನ ವಿಷಯ. ಶಿವಾಜಿಯು ದಕ್ಷಿಣದ ದಂಡಯಾತ್ರೆಯಿಂದ ಹಿಂದಿರುಗುವಾಗ, 1678ರಲ್ಲಿ, ಬೆಳವಡಿಯ ಸಣ್ಣ ಕೋಟೆಯೊಂದು ಅವನ ಸೈನ್ಯವನ್ನು ತಡೆಯಿತೆಂಬುದು ನಿರ್ವಿವಾದ. ರಾಜಾಪುರದ ಇಂಗ್ಲಿಷ್ ಕೋಠಿಯವರು ಆ ವರ್ಷದ ಫೆಬ್ರುವರಿಯಲ್ಲಿ ಬರೆದ ಕಾಗದದಲ್ಲಿ, ಮೊಗಲರಿಂದಲೂ ಆಗದ ಅಪಮಾನವು ಒಬ್ಬ ದೇಸಾಯಿಣಿಯಿಂದ ಅವನಿಗೆ ಆಯಿತೆಂಬ ಅಭಿಪ್ರಾಯವಿದೆ. ಜದುನಾಥ ಸರಕಾರರು 1919ರಲ್ಲಿ ಪ್ರಕಟಿಸಿದ ಶಿವಾಜಿಯ ಚರಿತ್ರೆಯಲ್ಲಿ ಮುತ್ತಿಗೆಯು 27 ದಿನ ನಡೆಯಿತೆಂದು ಹೇಳಿರುವರು. ಆದರೆ ಅಲ್ಲಿ ಆಕೆಯ ಹೆಸರು ಸಾವಿತ್ರಿಬಾಯಿ. ನಮ್ಮ ಸೀಮೆಯ ಜನರ ಬಾಯಲ್ಲಿ ಆಕೆ ಈಶಪ್ರಭುವಿನ ಪತ್ನಿ ಮಲ್ಲಮ್ಮ. ಮುಕ್ತಾಯವೂ ಭಿನ್ನವಾಗಿದೆ. ಸರಕಾರರು ಎತ್ತಿ ಹೇಳಿರುವ ಒಂದು ವೃತ್ತಾಂತದಂತೆ, ಸೆರೆಸಿಕ್ಕ ಆಕೆಯನ್ನು ಅವಮಾನಿಸಿದ ಸಖೂಜಿ ಗಾಯಕವಾಡನಿಗೆ ಶಿವಾಜಿಯು ಕಠಿನ ಶಿಕ್ಷೆ ವಿಧಿಸಿದನು. ಸ್ಥಳೀಯ ಕಥೆಯಂತೆ ಆಕೆಯನ್ನು ತಾಯಿಯೆಂದು ಕರೆದು ರಾಜ್ಯವನ್ನು ಮರಳಿಸಿದನು. ಯಾದವಾಡದ ಶಿಲ್ಪವನ್ನು ಜನರು ಈ ಕಥೆಗೆ ಸಾಕ್ಷಿಯಾಗಿ ತೋರಿಸುವರು. ಚರಿತ್ರಕಾರನು ಮಾಡತಕ್ಕದ್ದೇನು? ಹೆಸರಿನ ಭೇದವನ್ನೂ ಮುಕ್ತಾಯದ ಭೇದವನ್ನೂ ವಾಚಕರ ಮುಂದಿಟ್ಟು, ತನಗೆ ತೋರಿದ ಸಮಾಧಾನವನ್ನು ಹೇಳುವುದು. ನಮ್ಮ ಜನಪ್ರಿಯ ಬರಹಗಳಾದರೋ ಎರಡು ಕಥೆಗಳನ್ನು ಹೊಲಿಗೆ ಕಾಣದಂತೆ ಒಂದಾಗಿ ಹೊಲಿದು ಬಿಡುತ್ತವೆ. ಇದರಿಂದ ಮಲ್ಲಮ್ಮನ ಕೀರ್ತಿ ಹೆಚ್ಚುವುದಿಲ್ಲ. ಶತ್ರುಪಕ್ಷದವರ ಸುದ್ದಿಯನ್ನೇ ಕೇಳಿ ಪರಕೀಯರು ಬರೆದಿಟ್ಟ ಸಾಕ್ಷ್ಯದ ಬೆಲೆ ಮಾತ್ರ ಕಡಮೆಯಾಗುತ್ತದೆ.

ಚೆನ್ನಮ್ಮನ ವಿಷಯದಲ್ಲಿ ಆಧಾರಗಳು ಹೇರಳವಾಗಿವೆ. ತಪ್ಪುಗಳೂ ಅಂತೆಯೇ ಹೇರಳ. 1961ರಲ್ಲಿ ಬಿ. ಆರ್. ಪಂತುಲು ಅವರು ನಿರ್ಮಿಸಿದ ಚಿತ್ರದಲ್ಲಿ ರಾಣಿಯು ಕಪ್ಪವನ್ನು ನಿರಾಕರಿಸಿ ಆಡುವ ಮಾತುಗಳನ್ನು ಕೇಳದ ಕನ್ನಡಿಗನಿಲ್ಲ. ಎರಡು ವರ್ಷ ಮೊದಲು, 1959ರಲ್ಲಿ, ಅದೇ ನಿರ್ದೇಶಕರ ತಮಿಳು ಚಿತ್ರದಲ್ಲಿ ಕಟ್ಟಬೊಮ್ಮನು ಅಂಥದೇ ಮಾತನ್ನು ಆಡಿರುವನು. ಶಾಲೆಯ ರಂಗಮಂಚದಲ್ಲಿ ಮಕ್ಕಳು ಅದನ್ನು ಆಡಿದರೆ ದೋಷವಿಲ್ಲ. ಚರಿತ್ರೆಯೆಂದು ಉಪಾಧ್ಯಾಯರು ಹೇಳಿಕೊಟ್ಟರೆ ದೋಷವುಂಟು. ಕಿತ್ತೂರಿನ ದೇಸಾಯಿ ಮನೆತನವು 1818ರಲ್ಲಿ ಕಂಪೆನಿಯಿಂದ ಸನದು ಪಡೆದು ಕಪ್ಪ ಸಲ್ಲಿಸುತ್ತಿತ್ತು. 1824ರ ಜಗಳ ಕಪ್ಪದ್ದಲ್ಲ, ದತ್ತಕದ್ದು. ಆ ಸಪ್ಟಂಬರಿನಲ್ಲಿ ಶಿವಲಿಂಗರುದ್ರ ಸರ್ಜನು ತೀರಿಕೊಂಡನು. ಧಾರವಾಡದ ಕಲೆಕ್ಟರ್ ಥ್ಯಾಕರೆಯು ದತ್ತಕಪತ್ರದ ನೈಜತೆಯನ್ನೇ ಸಂದೇಹಿಸಿ, ಭಂಡಾರಕ್ಕೆ ಮುದ್ರೆ ಹಾಕಿಸಿ ಕಾವಲಿಟ್ಟನು. ಅಕ್ಟೋಬರ್ 23ರಂದು ಕೋಟೆಯ ಮುಂದೆ ಅವನು ಹತನಾದನು. ಇದನ್ನು ವಿವರಿಸುವಾಗ ಅನೇಕರು ಡಾಲ್‌ಹೌಸಿಯ ನೀತಿಯ ಹೆಸರೆತ್ತುವರು. ಆತನು ಗವರ್ನರ್ ಜನರಲ್ ಆದದ್ದು 1848ರಲ್ಲಿ. ಚೆನ್ನಮ್ಮನನ್ನು ಝಾನ್ಸಿಯ ರಾಣಿಗೆ ಹೋಲಿಸುವ ಅವಸರವೇ ಈ ಕಾಲದೋಷಕ್ಕೆ ಮೂಲವೆಂದು ನಮಗೆ ತೋರುತ್ತದೆ. 33 ವರ್ಷ ಮೊದಲೇ ಎದ್ದು ನಿಂತವಳಿಗೆ ಅನಂತರದವಳ ಹೋಲಿಕೆಯಿಂದ ಬರತಕ್ಕ ಗೌರವವೇನು?

ಅದಕ್ಕಿಂತಲೂ ಗುರುತರವಾದ ಲೋಪ ಮತ್ತೊಂದಿದೆ. 1816ರಲ್ಲಿ ಮಲ್ಲಸರ್ಜನು ತೀರಿದ ಮೇಲೆ, ರುದ್ರವ್ವನ ಹೊಟ್ಟೆಯಲ್ಲಿ ಹುಟ್ಟಿದ ಶಿವಲಿಂಗರುದ್ರನ ಆಳಿಕೆಯ 8 ವರ್ಷಗಳಲ್ಲಿ, ಮಲತಾಯಿಯಾದ ಚೆನ್ನಮ್ಮನ ಸ್ಥಾನವೇನಿತ್ತು? ಡಿಸೆಂಬರಿನ ಮೊದಲ ವಾರದಲ್ಲಿ ಕೋಟೆ ಬಿದ್ದ ಮೇಲೆ, ಬೈಲಹೊಂಗಲದಲ್ಲಿ ಸೆರೆಯಿದ್ದ ಆಕೆಯ ನಾಲ್ಕು ವರ್ಷಗಳು ಹೇಗೆ ಕಳೆದುವು? 1829ರ ಫೆಬ್ರುವರಿಯಲ್ಲಿ ಆಕೆ ಅಲ್ಲಿಯೇ ದೇಹವಿಟ್ಟಳು. ಕುದುರೆ, ಕತ್ತಿಗಳಿಗೆ ನೂರು ಪುಟ ಕೊಡುವವರು ಈ ನಾಲ್ಕು ವರ್ಷಗಳಿಗೆ ಒಂದು ಪುಟ ಕೊಡುವುದೂ ಅಪೂರ್ವ. ಜೊತೆಯಲ್ಲಿ ಸೆರೆಯಾಗಿದ್ದ ಸೊಸೆ ವೀರವ್ವ ಬರೇ ಹೆಸರಾಗಿ ಉಳಿದಿರುವಳು. ಆಳುವವಳ ಗುಣವು ಯುದ್ಧದ ದಿನದಲ್ಲಿ ಮಾತ್ರ ಕಾಣುವುದಲ್ಲ. ಥ್ಯಾಕರೆಯ ಕೈಕೆಳಗಿನ ಸ್ಟೀವನ್‌ಸನ್, ಎಲಿಯಟ್ ಎಂಬವರು ಕಿತ್ತೂರಿನಲ್ಲಿ ಸೆರೆಸಿಕ್ಕಿ, ಕೋಟೆ ಬೀಳುವ ಮೊದಲೇ ಜೀವಸಹಿತ ಬಿಡುಗಡೆ ಹೊಂದಿದರು. ಆ ವಾಲ್ಟರ್ ಎಲಿಯಟ್ಟನೇ ಮುಂದೆ ಕನ್ನಡ ನಾಡಿನ ಶಾಸನಗಳನ್ನು ಸಂಗ್ರಹಿಸಿ ನಮ್ಮ ಇತಿಹಾಸಕ್ಕೆ ಉಪಕಾರ ಮಾಡಿದವನು. ನೂರು ಆವೇಶದ ಮಾತುಗಳಿಗಿಂತ ಈ ಒಂದು ಸಂಗತಿ ಕಿತ್ತೂರಿನ ಅರಮನೆಯ ವಿವೇಕವನ್ನು ಹೆಚ್ಚಾಗಿ ತೋರಿಸುತ್ತದೆ.

ಲಾವಣಿಗಳನ್ನು ತಳ್ಳಿಹಾಕಬೇಕೆಂದು ನಾವು ಹೇಳುವುದಿಲ್ಲ. ಫ್ಲೀಟರು 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣನದೂ ಒಂದು. ಸರಕಾರದ ಕಾಗದದಲ್ಲಿ ಬಂಡುಗಾರನಾದವನು ಹಾಡಿನಲ್ಲಿ ಏನಾಗಿದ್ದನೆಂಬುದು ಇಂಥ ಪದಗಳಿಂದಲೇ ತಿಳಿಯತಕ್ಕದ್ದು. ಕಾಗದವು ನಡೆದದ್ದನ್ನು ಒಂದು ಪಕ್ಷದಿಂದ ಹೇಳುವುದು. ಲಾವಣಿಯು ಜನರು ನೆನೆದದ್ದನ್ನು ಹೇಳುವುದು. ಎರಡನ್ನೂ ಬೇರೆಬೇರೆಯಾಗಿ ತೋರಿಸಿ, ಬಳಿಕ ಎದುರುಬದುರಾಗಿ ಇಟ್ಟು ನೋಡುವವನೇ ಚರಿತ್ರಕಾರ.

2007ರಲ್ಲಿ ದಿಲ್ಲಿಯ ಸಂಸತ್ತಿನ ಆವರಣದಲ್ಲಿ ಚೆನ್ನಮ್ಮನ ಪ್ರತಿಮೆ ನಿಂತಿತು. ಅದು ಯೋಗ್ಯವಾದ ಗೌರವವೇ ಸರಿ. ಆದರೆ ಪ್ರತಿಮೆಗೆ ಒಂದೇ ಭಂಗಿ; ಬಾಳಿಗೆ ಹಲವು. ದೇಸಾಯಿಯ ಪತ್ನಿಯಾಗಿ, ಮಲತಾಯಿಯಾಗಿ, ಆಳುವವಳಾಗಿ, ಸೆರೆಯಾಳಾಗಿ ಬಾಳಿದ ಆಕೆಯ ಪೂರ್ಣವಾದ ಚರಿತ್ರೆಯನ್ನು ಆಧಾರಸಹಿತವಾಗಿ ಬರೆಯುವ ಭಾರ ಈ ಸೀಮೆಯ ವಿದ್ವಾಂಸರ ಮೇಲಿದೆ. ಬೈಲಹೊಂಗಲದ ಸಮಾಧಿಯ ಮುಂದೆ ಮಕ್ಕಳನ್ನು ನಿಲ್ಲಿಸುವ ಉಪಾಧ್ಯಾಯರು ಚಿತ್ರದ ಮಾತನ್ನು ಆಡಿಸುವುದರ ಜೊತೆಗೆ, ಆ ನಾಲ್ಕು ವರ್ಷಗಳ ಕಥೆಯನ್ನೂ ಹೇಳುವಂತಾದರೆ ಅದು ಸಾರ್ಥಕವಾದ ಸ್ಮಾರಕವಾದೀತು.