ಬಿಸಿಲ ಗಿಡಕ್ಕೆ ನೆರಳ ವಾಸ: ಚೆನ್ನೈನಲ್ಲಿ ಯುಕ್ಕಾ ಸಾಕಣೆ

ಚೆನ್ನೈನಲ್ಲಿ ಯುಕ್ಕಾ ಗಿಡವನ್ನು ಬೆಳೆಸುವ ಇಂದಿನ ರೂಢಿಯನ್ನು ಪರಿಶೀಲಿಸಿದಾಗ ಎದ್ದು ಕಾಣುವ ಸಂಗತಿಯೆಂದರೆ, ಈ ನಗರದ ಹವೆಗೆ ಬಹುಮಟ್ಟಿಗೆ ಒಗ್ಗಬಲ್ಲ ಸಸ್ಯವೊಂದನ್ನು ಇಲ್ಲಿನ ಹವೆಯಿಂದಲೇ ದೂರವಿಟ್ಟು ಸಾಕಲಾಗುತ್ತಿದೆ. ಹಳೆಯ ಮಹಾಬಲಿಪುರಂ ರಸ್ತೆಯ ಕಚೇರಿಗಳ ಸ್ವಾಗತಾಂಗಣಗಳಲ್ಲಿ, ಬಹುಮಹಡಿ ವಸತಿಗಳ ಲಿಫ್ಟ್ ಬಾಗಿಲುಗಳ ಪಕ್ಕದಲ್ಲಿ, ಕಿಟಕಿಯಿಂದ ದೂರದ ಪಡಸಾಲೆಯ ಮೂಲೆಗಳಲ್ಲಿ ಒಂದೇ ಕುಂಡದಲ್ಲಿ ನೆಟ್ಟ ಬೇರೆ ಬೇರೆ ಎತ್ತರದ ಮೂರು ದಪ್ಪ ಕಾಂಡಗಳು, ಅವುಗಳ ತುದಿಯಲ್ಲಿ ಕತ್ತಿಯಾಕಾರದ ಎಲೆಗಳ ಗುಚ್ಛ: ಯುಕ್ಕಾ ಹೆಚ್ಚಿನವರಿಗೆ ಪರಿಚಯವಾಗಿರುವುದು ಈ ರೂಪದಲ್ಲಿಯೇ. ಗಿಡದ ಆಯ್ಕೆ ತಪ್ಪಲ್ಲ. ಅದನ್ನು ಇರಿಸುವ ಜಾಗ ಮತ್ತು ಅದಕ್ಕೆ ನೀರೆರೆಯುವ ಕಾಲ, ಇವೆರಡೂ ಬೇರೆ ಅಕ್ಷಾಂಶದ ಕೈಪಿಡಿಗಳಿಂದ ಯಥಾವತ್ತಾಗಿ ಬಂದಿರುವುದೇ ತೊಡಕಿನ ಮೂಲ.

ಯುಕ್ಕಾ ಅಮೆರಿಕ ಖಂಡದ ಸಸ್ಯಜಾತಿ. ನಮ್ಮ ಹೊಲಗಳ ಬೇಲಿಯಲ್ಲಿ ಬೆಳೆಯುವ ಕತ್ತಾಳೆಯ ಹತ್ತಿರದ ಬಂಧು. ಕತ್ತಾಳೆಯ ಹೆಚ್ಚಿನ ಪ್ರಭೇದಗಳಲ್ಲಿ ಎಲೆಗುಚ್ಛವು ಒಮ್ಮೆ ಹೂಬಿಟ್ಟ ಬಳಿಕ ಸತ್ತುಹೋಗುತ್ತದೆ, ಯುಕ್ಕಾ ಸಾಮಾನ್ಯವಾಗಿ ವರ್ಷಗಳ ಕಾಲ ಮತ್ತೆ ಮತ್ತೆ ಹೂಬಿಡುತ್ತದೆ. ನಲವತ್ತಕ್ಕೂ ಹೆಚ್ಚು ಪ್ರಭೇದಗಳಿದ್ದರೂ ಇಲ್ಲಿನ ಚರ್ಚೆಗೆ ಎರಡು ಸಾಕು. ಮೊದಲನೆಯದು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಯುಕ್ಕಾ ಜೈಗಾಂಟಿಯಾ. ಎಲೆಯ ತುದಿ ಮೆತ್ತಗಿರುವುದರಿಂದ ಒಳಾಂಗಣಕ್ಕೆ ಮಾರಾಟವಾಗುವುದು ಹೆಚ್ಚಾಗಿ ಇದೇ, ಮತ್ತು ಇದರ ಬಿಳಿಯ ಹೂವು ಎಲ್ ಸಾಲ್ವಡಾರ್ ದೇಶದ ರಾಷ್ಟ್ರಪುಷ್ಪವೂ ಅಡುಗೆಯ ಪದಾರ್ಥವೂ ಆಗಿದೆ. ಎರಡನೆಯದು ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಕರಾವಳಿಯ ಮರಳುದಿಬ್ಬಗಳಲ್ಲಿ ಬೆಳೆಯುವ ಯುಕ್ಕಾ ಅಲಾಯ್‌ಫೋಲಿಯಾ. ಇದರ ಎಲೆಯ ತುದಿ ಸೂಜಿಯಷ್ಟು ಮೊನಚು. ಉಪ್ಪುಗಾಳಿಯನ್ನು ಸಹಿಸುವ ಈ ಪ್ರಭೇದವು ಹಗಲಿನಲ್ಲಿ ಎಲೆಯ ಪತ್ರರಂಧ್ರಗಳನ್ನು, ಎಂದರೆ ಅನಿಲ ಒಳಹೊರಗೆ ಹಾಯುವ ಸೂಕ್ಷ್ಮ ತೂತುಗಳನ್ನು, ಬಹುಮಟ್ಟಿಗೆ ಮುಚ್ಚಿಟ್ಟು ರಾತ್ರಿಯಲ್ಲಿ ತೆರೆದು ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ; ಹೀಗಾಗಿ ನಡುಹಗಲಿನ ಬೇಗೆಯಲ್ಲಿ ಅದು ಕಳೆದುಕೊಳ್ಳುವ ನೀರು ಬಹಳ ಕಡಿಮೆ. ತಿರುವಾನ್ಮಿಯೂರು, ಬೆಸೆಂಟ್ ನಗರ, ನೀಲಾಂಗರೈಗಳಂಥ ಕಡಲಂಚಿನ ಮರಳುನೆಲಕ್ಕೆ ಇದಕ್ಕಿಂತ ಸಮರ್ಥ ಅಲಂಕಾರ ಸಸ್ಯವನ್ನು ಹುಡುಕುವುದು ಸುಲಭವಲ್ಲ.

ಹೀಗಿದ್ದರೂ ಯುಕ್ಕಾ ಒಳಾಂಗಣದ ಗಿಡವೆಂದೇ ಹೆಸರಾಗಲು ಅದರ ಕಾಂಡದ ಸ್ವಭಾವವೇ ಕಾರಣ. ದಪ್ಪ ಕಾಂಡವನ್ನು ತುಂಡರಿಸಿ ಬೇರು ಬರಿಸಿ ಮಾರುವ ಈ ಗಿಡದ ಒಳಗೆ ಆಹಾರದ ಸಂಗ್ರಹವಿರುತ್ತದೆ. ಬೆಳಕಿಲ್ಲದ ಕಡೆ ಇಟ್ಟರೂ ಆ ಸಂಗ್ರಹ ಕರಗುವವರೆಗೆ ತಿಂಗಳುಗಟ್ಟಲೆ ಎಲೆ ಹಸಿರಾಗಿಯೇ ಉಳಿಯುತ್ತದೆ, ಮತ್ತು ಗಿಡ ಚೆನ್ನಾಗಿದೆ ಎಂಬ ನಂಬಿಕೆ ಮಾಲೀಕರಲ್ಲಿ ಬೇರೂರುತ್ತದೆ. ಕಚೇರಿಯೊಂದರ ಸಾಮಾನ್ಯ ಬೆಳಕು 300ರಿಂದ 500 ಲಕ್ಸ್ ಇದ್ದರೆ ಹೊರಗಿನ ನಡುಹಗಲ ಬಿಸಿಲು ಒಂದು ಲಕ್ಷ ಲಕ್ಸ್ ಆಸುಪಾಸಿನಲ್ಲಿರುತ್ತದೆ. ಈ ಅಂತರವನ್ನು ಯಾವ ಗೊಬ್ಬರವೂ ತುಂಬಿಕೊಡಲಾರದು. ಹೊಸ ಎಲೆಗಳು ತೆಳುವಾಗಿ, ಉದ್ದವಾಗಿ, ಮಸುಕು ಹಸಿರಾಗಿ ಜೋತುಬೀಳುವುದು ಹಸಿವಿನ ಲಕ್ಷಣ. ಅದನ್ನು ಬಾಯಾರಿಕೆಯೆಂದು ತಿಳಿದು ಇನ್ನಷ್ಟು ನೀರೆರೆಯುವುದು, ಬೆಳಕಿಲ್ಲದೆ ನೀರನ್ನು ಬಳಸಲಾಗದ ಬೇರು ಅದರಲ್ಲಿಯೇ ಕೊಳೆಯುವುದು, ಕಾಂಡದ ಬುಡ ಒತ್ತಿದರೆ ಒಳಸರಿಯುವಷ್ಟು ಮೆತ್ತಗಾಗುವುದು: ಒಳಾಂಗಣದಲ್ಲಿ ಸಾಯುವ ಯುಕ್ಕಾಗಳ ಪೈಕಿ ಹೆಚ್ಚಿನವುಗಳ ಕಥೆ ಇಷ್ಟೇ. ಕೋಣೆಯ ಗಾಳಿಯನ್ನು ಇಂಥ ಗಿಡಗಳು ಶುದ್ಧಿಗೊಳಿಸುತ್ತವೆ ಎಂಬ ಪ್ರಚಾರವೂ ಈ ರೂಢಿಗೆ ಬಲ ಕೊಟ್ಟಿದೆ. ಅದರ ಮೂಲ 1989ರಲ್ಲಿ ಪ್ರಕಟವಾದ ನಾಸಾ ವರದಿ. ಆ ಪ್ರಯೋಗಗಳು ನಡೆದದ್ದು ಮುಚ್ಚಿದ ಪುಟ್ಟ ಪೆಟ್ಟಿಗೆಗಳಲ್ಲಿ. ಅಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದ 2019ರ ಒಂದು ಅಧ್ಯಯನವು, ಸಾಮಾನ್ಯ ಕೋಣೆಯಲ್ಲಿ ಗಾಳಿಯ ಸಹಜ ಸಂಚಾರದ ಮುಂದೆ ಕುಂಡದ ಗಿಡಗಳ ಪಾಲು ಗಣನೆಗೆ ಬಾರದಷ್ಟು ಅಲ್ಪವೆಂದು ತೋರಿಸಿದೆ.

ಎರವಲು ಕೈಪಿಡಿಗಳ ದೋಷ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ದಿಕ್ಕು ಮತ್ತು ಋತುಗಳ ವಿಷಯದಲ್ಲಿ. ಯುರೋಪು ಮತ್ತು ಉತ್ತರ ಅಮೆರಿಕದ ತೋಟಗಾರಿಕೆಯ ಪುಸ್ತಕಗಳು ಯುಕ್ಕಾವನ್ನು ದಕ್ಷಿಣದ ಕಿಟಕಿಯ ಬಳಿ ಇಡಬೇಕೆನ್ನುತ್ತವೆ. ಸೂರ್ಯ ವರ್ಷವಿಡೀ ದಕ್ಷಿಣಕ್ಕೆ ವಾಲಿರುವ ಆ ನಾಡುಗಳಿಗೆ ಅದು ಸರಿ. 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಚೆನ್ನೈನಲ್ಲಾದರೋ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ, ಆದ್ದರಿಂದ ಆ ತಿಂಗಳುಗಳಲ್ಲಿ ದಕ್ಷಿಣದ ಬಾಲ್ಕನಿಗೆ ನೇರ ಬಿಸಿಲು ಬೀಳುವುದೇ ಇಲ್ಲ. ಇಲ್ಲಿ ವರ್ಷದುದ್ದಕ್ಕೂ ನೆಚ್ಚಿಕೊಳ್ಳಬಹುದಾದದ್ದು ಪೂರ್ವದ ಬಾಲ್ಕನಿ. ಅದಕ್ಕಿಂತ ಮೇಲಾದದ್ದು ಚೆನ್ನೈ ಜನ ಮೊಟ್ಟೈಮಾಡಿ ಎಂದು ಕರೆಯುವ ತೆರೆದ ತಾರಸಿ. ಋತುವಿನ ವಿಷಯದಲ್ಲಿ ತಪ್ಪು ಇನ್ನೂ ದೊಡ್ಡದು. ಬೇಸಿಗೆಯಲ್ಲಿ ಧಾರಾಳ ನೀರು, ಚಳಿಗಾಲದಲ್ಲಿ ವಿಶ್ರಾಂತಿ ಎಂಬ ಪಾಶ್ಚಾತ್ಯ ನಿಯಮದಲ್ಲಿ ವಿಶ್ರಾಂತಿಯೆಂದರೆ ಒಣ ಮಣ್ಣು. ಚೆನ್ನೈಗೆ ವರ್ಷದಲ್ಲಿ ಬೀಳುವ ಸುಮಾರು 1,400 ಮಿಲಿಮೀಟರ್ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬೀಳುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನಲ್ಲಿ. ಗಿಡದ ಬೆಳವಣಿಗೆ ತಗ್ಗುವ ಕಾಲಕ್ಕೇ ಕುಂಡ ವಾರಗಟ್ಟಲೆ ನೆನೆಯುತ್ತದೆ. ಆದ್ದರಿಂದ ಈ ನಗರದ ಯುಕ್ಕಾ ಸಾಕಣೆಯಲ್ಲಿ ಅತ್ಯಂತ ಮುಖ್ಯವಾದ ಕೆಲಸ ನೀರು ಹಾಕುವುದಲ್ಲ, ಆ ಮೂರು ತಿಂಗಳು ಕುಂಡವನ್ನು ಸೂರಿನಡಿಗೆ ಸರಿಸುವುದು. ಅಗ್ನಿನಕ್ಷತ್ರವೆನ್ನುವ ಕಡುಬಿಸಿಲಿನ ಮೇ ತಿಂಗಳಲ್ಲಿ ನೀರು ಬೇಕಾದರೂ ಮಣ್ಣು ಎರಡು ಬೆರಳಿನಷ್ಟು ಆಳದವರೆಗೆ ಒಣಗಿದ ಮೇಲಷ್ಟೇ ಹಾಕಬೇಕು.

ಮಣ್ಣಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಗೋದಾವರಿ ತೀರದ ಕಡಿಯಂ ನರ್ಸರಿಗಳಿಂದ ಲಾರಿಗಳಲ್ಲಿ ದಕ್ಷಿಣ ಭಾರತದ ನಗರಗಳಿಗೆ ಬಂದಿಳಿಯುವ ಅಲಂಕಾರ ಗಿಡಗಳು ಹಲವು ವೇಳೆ ಅಂಟುಮಣ್ಣಿನ ಹೆಂಟೆಯೊಂದಿಗೆ ಬರುತ್ತವೆ, ಆ ಹೆಂಟೆಯನ್ನು ಬಿಡಿಸಿ, ಕೆಮ್ಮಣ್ಣಿಗೆ ಅರ್ಧದಷ್ಟು ದಪ್ಪ ಮರಳು ಅಥವಾ ಇಟ್ಟಿಗೆ ಚೂರು ಮತ್ತು ಸ್ವಲ್ಪ ಎರೆಗೊಬ್ಬರ ಬೆರೆಸಿ ಮತ್ತೆ ನೆಡುವುದು ಒಳಿತು. ನೀರನ್ನು ಹಿಡಿದಿಟ್ಟುಕೊಳ್ಳುವ ತೆಂಗಿನ ನಾರಿನ ಪುಡಿ ಇಲ್ಲಿನ ಆರ್ದ್ರ ಹವೆಯಲ್ಲಿ ಈ ಗಿಡಕ್ಕೆ ಬೇಡ. ಕೊಳವೆಬಾವಿಯ ಸವುಳು ನೀರನ್ನೋ ಶುದ್ಧೀಕರಣ ಯಂತ್ರ ಹೊರಹಾಕುವ ನೀರನ್ನೋ ಗಿಡಗಳಿಗೆ ಹಾಕುವ ಪದ್ಧತಿ ನೀರಿನ ಬರ ಕಂಡ ಈ ನಗರದಲ್ಲಿ ಸಹಜ; 2019ರಲ್ಲಿ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ತರಿಸಬೇಕಾಗಿ ಬಂದ ಊರು ಇದು. ಯುಕ್ಕಾ ಸವುಳು ನೀರನ್ನು ತಕ್ಕಮಟ್ಟಿಗೆ ಸಹಿಸುತ್ತದೆ, ಆದರೆ ಕುಂಡದ ಅಂಚಿನಲ್ಲಿ ಬಿಳಿಯ ಉಪ್ಪು ಕಟ್ಟಿದಾಗ ಒಂದೆರಡು ಸಲ ಒಳ್ಳೆಯ ನೀರನ್ನು ತುಂಬ ಸುರಿದು ತಳದಿಂದ ಹರಿದುಹೋಗಲು ಬಿಡಬೇಕು. ಕುಂಡದಡಿಯ ತಟ್ಟೆಯಲ್ಲಿ ನಿಲ್ಲುವ ನೀರು ಬೇರಿಗೂ ಕೆಡುಕು, ಡೆಂಗಿ ಹರಡುವ ಈಡಿಸ್ ಸೊಳ್ಳೆಗೂ ನೆಲೆ. ಎಲೆಯ ಬುಡದಲ್ಲಿ ಸೇರುವ ಹಿಟ್ಟು ತಿಗಣೆಗೆ ಸಾಬೂನು ನೀರಿನಲ್ಲಿ ಕದಡಿದ ಬೇವಿನ ಎಣ್ಣೆ ಸಾಕು. ಗಿಡದ ರಸದಲ್ಲಿ ಸಪೋನಿನ್, ಎಂದರೆ ನೊರೆಗಟ್ಟುವ ಒಂದು ಬಗೆಯ ರಾಸಾಯನಿಕ, ಇರುವುದರಿಂದ ನಾಯಿ ಬೆಕ್ಕುಗಳು ಎಲೆಯನ್ನು ಅಗಿದರೆ ವಾಂತಿಯಾಗಬಹುದೆಂಬುದನ್ನು ಮಾರುವವರು ಹೇಳಬೇಕು.

ತೋಟದಲ್ಲಿ ನೆಡುವವರು ಮಾಡುವ ತಪ್ಪು ಬೇರೆ ಬಗೆಯದು. ಕುಂಡದಲ್ಲಿ ಆಳೆತ್ತರಕ್ಕೆ ನಿಂತ ಯುಕ್ಕಾ ಜೈಗಾಂಟಿಯಾ ನೆಲ ಸಿಕ್ಕೊಡನೆ ಎಂಟು ಹತ್ತು ಮೀಟರ್ ಬೆಳೆದು, ಬುಡ ಆನೆಗಾಲಿನಂತೆ ಊದಿಕೊಳ್ಳುತ್ತದೆ. ಮನೆಗೂ ಕಾಂಪೌಂಡಿಗೂ ನಡುವೆ ಬಿಟ್ಟ ನಾಲ್ಕೈದು ಅಡಿ ಓಣಿಯಲ್ಲಿ ಇದನ್ನು ನೆಡುವುದು ಗೋಡೆಗೆ ಅಪಾಯ. ಮೊನಚು ಎಲೆಯ ಪ್ರಭೇದವನ್ನು ಗೇಟಿನ ಇಕ್ಕೆಲಗಳಲ್ಲಿ, ಮಕ್ಕಳ ಕಣ್ಣಿನ ಮಟ್ಟದಲ್ಲಿ ನೆಡುವುದಂತೂ ಒಪ್ಪಲಾಗದ ಕೆಲಸ. ತಾರಸಿಯ ಕುಂಡಗಳಿಗೆ ಗಾಳಿಯ ಭಯವಿದೆ: 2016ರ ಡಿಸೆಂಬರ್ 12ರಂದು ಅಪ್ಪಳಿಸಿದ ವಾರ್ದಾ ಚಂಡಮಾರುತ ನಗರದ ಸಾವಿರಾರು ಮರಗಳನ್ನು ಬುಡಮೇಲು ಮಾಡಿತು, ಆದ್ದರಿಂದ ತಲೆಭಾರದ ಯುಕ್ಕಾಕ್ಕೆ ಅಗಲವಾದ, ತೂಕದ ಮಣ್ಣಿನ ಕುಂಡವೇ ಯೋಗ್ಯ.

ಒಂದು ಮಿತಿಯನ್ನು ಒಪ್ಪಿಕೊಳ್ಳಲೇಬೇಕು. ತನ್ನ ತವರಿನಲ್ಲಿ ಯುಕ್ಕಾ ಹೂವಿನ ಪರಾಗಸ್ಪರ್ಶ ನಡೆಸುವುದು ಅದಕ್ಕೆಂದೇ ಮೀಸಲಾದ ಪತಂಗ. ಹೂವಿನ ಅಂಡಾಶಯದಲ್ಲಿ ಮೊಟ್ಟೆಯಿಟ್ಟು, ಪರಾಗವನ್ನು ತಾನೇ ಶಲಾಕಾಗ್ರಕ್ಕೆ ಒತ್ತುವ ಈ ಕೀಟದ ನಡವಳಿಕೆಯನ್ನು 1870ರ ದಶಕದಲ್ಲಿ ಸಸ್ಯವಿಜ್ಞಾನಿ ಜಾರ್ಜ್ ಎಂಗೆಲ್ಮನ್ ಮತ್ತು ಕೀಟವಿಜ್ಞಾನಿ ಚಾರ್ಲ್ಸ್ ರೈಲಿ ವಿವರಿಸಿದರು. ಆ ಪತಂಗ ಭಾರತದಲ್ಲಿಲ್ಲ. ಆದಕಾರಣ ಇಲ್ಲಿನ ಯುಕ್ಕಾ ಹೂಬಿಟ್ಟರೂ ಸಾಮಾನ್ಯವಾಗಿ ಕಾಯಿ ಕಚ್ಚುವುದಿಲ್ಲ, ಈ ನೆಲದ ಜೀವಜಾಲದೊಡನೆ ಅದರ ಸಂಬಂಧ ತೆಳುವಾಗಿಯೇ ಉಳಿಯುತ್ತದೆ. ಕಡಲಂಚಿನ ಕೇದಗೆ, ಕೋರಮಂಡಲ ತೀರದ ಕಾಡುಗಳಲ್ಲಿ ತಾನಾಗಿ ಬೆಳೆಯುವ ಮಂಜಿನ ನಾರಿನ ಗಿಡ, ಇವೂ ಕತ್ತಿಯಂಥ ಎಲೆಯವೇ, ಬರವನ್ನು ತಾಳುವಂಥವೇ. ಜಾಗವಿರುವ ತೋಟದಲ್ಲಿ ಮೊದಲ ಮಣೆ ಇವಕ್ಕೆ ಸಲ್ಲಬೇಕು. 1835ರಲ್ಲಿ ಸ್ಥಾಪನೆಯಾದ ಮದ್ರಾಸಿನ ಕೃಷಿ ತೋಟಗಾರಿಕಾ ಸಂಘ ತನ್ನ ತೋಟವನ್ನು ಬೆಳೆಸಿದ್ದು ಕೆಥೆಡ್ರಲ್ ರಸ್ತೆಯಲ್ಲಿ. ಕನ್ನಡಿಗರಿಗೆ ಆತ್ಮೀಯವಾಗಿದ್ದ ವುಡ್‌ಲ್ಯಾಂಡ್ಸ್ ಡ್ರೈವ್‌ಇನ್ ಇದ್ದ ನೆಲದಲ್ಲಿ 2010ರಲ್ಲಿ ತೆರೆದ ಸೆಮ್ಮೊಳಿ ಪೂಂಗಾ ಉದ್ಯಾನ ಕೂಡ ಅದೇ ರಸ್ತೆಯಲ್ಲಿದೆ. ಹೊರನಾಡಿನ ಸಸ್ಯ ಈ ನಗರದ ತಿಂಗಳುಗಳಿಗೆ ಹೇಗೆ ಸ್ಪಂದಿಸುತ್ತದೆಂದು ನೋಡಿ ಬರೆದಿಡಲು ಇಂಥ ತೋಟಗಳಿಗಿಂತ ತಕ್ಕ ಜಾಗಗಳಿಲ್ಲ.

ನೆರಳಿನಲ್ಲಿ ಸೊರಗಿದ ಗಿಡವನ್ನು ಎಸೆಯಬೇಕಾಗಿಲ್ಲ. ಮಳೆ ಮುಗಿದು ಬಿಸಿಲು ಇನ್ನೂ ಎಳೆಯದಾಗಿರುವ ಜನವರಿಯಲ್ಲಿ ಕಾಂಡವನ್ನು ಗಟ್ಟಿಯಾಗಿರುವ ಕಡೆ ಕತ್ತರಿಸಿ, ಕೊಳೆತ ಭಾಗವನ್ನು ಪೂರ್ತಿ ತೆಗೆದು, ಗಾಯ ಒಣಗುವವರೆಗೆ ನೆರಳಿನಲ್ಲಿ ಐದಾರು ದಿನ ಬಿಟ್ಟು ಮರಳು ಬೆರೆತ ಮಣ್ಣಿನಲ್ಲಿ ಊರಬಹುದು. ಬುಡದಲ್ಲಿ ಕಂದುಗಳು ಒಡೆದಿದ್ದರೆ ಅವನ್ನೂ ಹೀಗೆಯೇ ಬೇರ್ಪಡಿಸಿ ನೆಡಬಹುದು. ಬೇರುಬಿಟ್ಟ ಗಿಡವನ್ನು ಒಮ್ಮೆಲೇ ತಾರಸಿಗೆ ಒಯ್ದರೆ ನೆರಳಿಗೆ ಒಗ್ಗಿದ ಎಲೆಗಳು ಸುಟ್ಟುಹೋಗುತ್ತವೆ, ಆದ್ದರಿಂದ ಮೊದಲು ಬೆಳಗಿನ ಬಿಸಿಲು, ಕೆಲವು ವಾರಗಳ ಬಳಿಕ ಮಧ್ಯಾಹ್ನದ ಬಿಸಿಲು ಎಂಬ ಕ್ರಮದಲ್ಲಿ ಮಾರ್ಚ್ ಕೊನೆಯ ಹೊತ್ತಿಗೆ ಅದನ್ನು ಪೂರ್ಣ ಬಯಲಿಗೆ ತರಬೇಕು. ಹಾಗೆ ತಂದ ಗಿಡಕ್ಕೆ ಅಕ್ಟೋಬರ್ ಮಳೆ ಬರುವ ಮುನ್ನ ಬೇರನ್ನು ಬಲಪಡಿಸಿಕೊಳ್ಳಲು ಆರು ತಿಂಗಳ ಒಳ್ಳೆಯ ಬಿಸಿಲು ಸಿಗುತ್ತದೆ.