ನಾಟಾ ಡಿಪೋದಲ್ಲಿ ಮಂಗಟ್ಟೆ

ಹಕ್ಕಿ ನೋಡುವ ಗೀಳಿನವರು ದಾಂಡೇಲಿಯಲ್ಲಿ ಮೊದಲು ಹೋಗಬೇಕಾದ್ದು ಕಾಡಿಗಲ್ಲ, ಅರಣ್ಯ ಇಲಾಖೆಯ ನಾಟಾ ಡಿಪೋಗೆ. ಸಾಗುವಾನಿ, ಮತ್ತಿ, ನಂದಿ ದಿಮ್ಮಿಗಳನ್ನು ಅಳೆದು, ನಂಬರ್ ಹೊಡೆದು, ಹರಾಜಿಗೆ ಸಾಲುಸಾಲಾಗಿ ಪೇರಿಸಿಟ್ಟ ಬಯಲು ಅದು. ಇಳಿಹೊತ್ತಿಗೆ ಕಪ್ಪು-ಬಿಳಿ ಮಂಗಟ್ಟೆಗಳು ಅಲ್ಲಿನ ಮರಗಳಿಗೆ ಬಂದು ಕೂರುತ್ತವೆ. ಮೊದಲು ರೆಕ್ಕೆಯ ಸದ್ದು, ಆಮೇಲೆ ಹಕ್ಕಿ. ಸುತ್ತ ಜನರ ಓಡಾಟವಿಲ್ಲದಿದ್ದರೆ ಕೆಲವು ನೆಲಕ್ಕೇ ಇಳಿದು, ದಿಮ್ಮಿಗಳ ನಡುವೆ ಧೂಳುಸ್ನಾನಕ್ಕೆ ತೊಡಗುತ್ತವೆ. ಕೊಕ್ಕಿನ ಮೇಲೊಂದು ಕೊಂಬು ಹೊತ್ತ ಇಷ್ಟು ದೊಡ್ಡ ಹಕ್ಕಿಯನ್ನು ಕಣ್ಣಳತೆಯಲ್ಲಿ ನೋಡುವ ಭಾಗ್ಯ ಬೇರೆಲ್ಲೂ ಸುಲಭವಲ್ಲ.

ಬಿಳಿಗಿರಿರಂಗನ ಬೆಟ್ಟ ಮಗ್ಗುಲಲ್ಲೇ ಇರುವಾಗ ಅಷ್ಟು ದೂರ ಯಾಕೆ ಎಂದು ನಮ್ಮ ಕುಂತೂರು ಕಡೆಯವರು ಕೇಳುವುದುಂಟು. ಬೆಟ್ಟದಲ್ಲಿ ನಮಗೆ ಕಾಡು ಕಾಣುತ್ತದೆ. ದಾಂಡೇಲಿಯಲ್ಲಿ ಕಾಡಿನ ಜೊತೆಗೆ, ಕಾಡು ಕಡಿದೇ ಬೆಳೆದ ಊರೂ ಕಾಣುತ್ತದೆ. ಈ ಎರಡನ್ನೂ ಒಟ್ಟಿಗೆ ನೋಡದೆ ಅಲ್ಲಿನ ಹಕ್ಕಿ ಅರ್ಥವಾಗುವುದಿಲ್ಲ.

ಅಳ್ನಾವರದಿಂದ ದಾಂಡೇಲಿಗೆ ಬ್ರಿಟಿಷರು ರೈಲು ಹಳಿ ಹಾಕಿದ್ದೇ ನಾಟಾ ಸಾಗಿಸಲು. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಹುಟ್ಟಿತು. ಅದಕ್ಕೆ ಸರ್ಕಾರ ಬಿದಿರು ಕೊಟ್ಟದ್ದು ಟನ್ನಿಗೆ ಒಂದೂವರೆ ರೂಪಾಯಿಯಂತೆ. ಬುಟ್ಟಿ ಹೆಣೆದು ಬದುಕುವ ಮೇದಾರರು ಪೇಟೆಯಲ್ಲಿ ಅದೇ ಬಿದಿರಿಗೆ ಎಷ್ಟೋ ಪಟ್ಟು ಹೆಚ್ಚು ತೆರಬೇಕಿತ್ತು. ಬಿದಿರು ಮುಗಿಯುತ್ತಿದೆ ಎಂಬ ಅವರ ದೂರಿನಿಂದಾಗಿಯೇ 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಅಧ್ಯಯನಕ್ಕೆ ಇಳಿದರು. ಮೆಳೆಯ ಬುಡದ ಮುಳ್ಳು ಸವರಿದರೆ ಬಿದಿರು ಚೆನ್ನಾಗಿ ಬರುತ್ತದೆ ಎಂದು ಇಲಾಖೆ ನಂಬಿತ್ತು. ಆ ಮುಳ್ಳೇ ಕಳಲೆಗೆ ಬೇಲಿ, ಅದು ಹೋದರೆ ದನ, ಮುಳ್ಳುಹಂದಿ ಎಲ್ಲವೂ ಎಳೆ ಕಳಲೆಯನ್ನು ತಿಂದು ಮುಗಿಸುತ್ತವೆ ಎಂದು ಊರವರು ಹೇಳಿದರು. ಅಧ್ಯಯನದಲ್ಲಿ ನಿಜವಾದದ್ದು ಊರವರ ಮಾತು. ನನ್ನ ಮಟ್ಟಿಗೆ ಉತ್ತರ ಕನ್ನಡದ ಕಾಡಿನ ಬಗ್ಗೆ ತಿಳಿಯಬೇಕಾದ ಮೊದಲ ಪಾಠ ಇದು.

ಈಗ ಜನ ಬರುವುದು ಕಾಳಿ ನದಿಯ ರಾಫ್ಟಿಂಗಿಗೆ. ಗಣೇಶಗುಡಿಯಲ್ಲಿ ನೊರೆಯೆದ್ದು ಬರುವ ಆ ನೀರು 101 ಮೀಟರ್ ಎತ್ತರದ ಸೂಪಾ ಅಣೆಕಟ್ಟೆಯದು. ವಿದ್ಯುತ್ತಿಗಾಗಿ ನೀರು ಬಿಟ್ಟರಷ್ಟೇ ರಾಫ್ಟು ಕುಣಿಯುತ್ತದೆ. ಹಳೆಯ ಸೂಪಾ ಊರು ಆ ಹಿನ್ನೀರಿನ ಅಡಿಯಲ್ಲಿದೆ; ತಾಲ್ಲೂಕು ಕಚೇರಿಗಳು ಜೋಯಿಡಾಕ್ಕೆ ಹೋದವು. ಅಣೆಕಟ್ಟೆ ಕಟ್ಟುವಾಗ ಸಿಡಿಮದ್ದು ಇಟ್ಟಿದ್ದ ಕಟ್ಟಡ ಇಂದು ಓಲ್ಡ್ ಮ್ಯಾಗಜೀನ್ ಹೌಸ್ ಎಂಬ ತಂಗುಮನೆ. ಅದರ ಅಂಗಳದ ನೀರಿನ ಬಟ್ಟಲಿಗೆ ಪಿಕಳಾರ, ನೊಣಹಿಡುಕಗಳು ಬರುತ್ತವೆ. ಹೊಸ ದಾಂಡೇಲಿ ಹೀಗೆ ಹಳೆಯ ದಾಂಡೇಲಿ ಬಿಟ್ಟುಹೋದ ಸಾಮಾನಿನಲ್ಲೇ ಬಾಳುತ್ತಿದೆ.

ಆದರೆ ಮಂಗಟ್ಟೆಯ ಬಾಳು ನಿಂತಿರುವುದು ಕಡಿಯದೆ ಉಳಿದ ಮುದಿಮರಗಳ ಮೇಲೆ. ನಮ್ಮ ರಾಜ್ಯದ ನಾಲ್ಕೂ ಬಗೆಯ ಮಂಗಟ್ಟೆಗಳು ಇಲ್ಲಿವೆ. ಗೂಡಿನ ಕಾಲದಲ್ಲಿ ಹೆಣ್ಣು ಮುದಿಮರದ ಪೊಟರೆ ಹೊಕ್ಕು, ಅದರ ಬಾಯನ್ನು ಹಿಕ್ಕೆ, ಹಣ್ಣಿನ ತಿರುಳಿನಿಂದ ಮೆತ್ತಿ, ಸಣ್ಣ ಸೀಳೊಂದನ್ನಷ್ಟೇ ಬಿಡುತ್ತದೆ. ಗಂಡು ತಿಂಗಳುಗಟ್ಟಲೆ ಆಲ, ಅತ್ತಿ, ಬಸರಿಯ ಹಣ್ಣು ತಂದು ಆ ಸೀಳಿನಲ್ಲಿ ಒಂದೊಂದಾಗಿ ಉಣಿಸುತ್ತದೆ. ಪೊಟರೆ ಬೀಳುವಷ್ಟು ವಯಸ್ಸಾದ ಮರ ನಾಟಾ ಲೆಕ್ಕದಲ್ಲಿ ಬಹಳ ಕಾಲ ಕಡಿಯಬೇಕಾದ ಮರವೇ ಆಗಿತ್ತು. 2011ರಲ್ಲಿ ಇಲ್ಲಿ ಮಂಗಟ್ಟೆಗಾಗಿಯೇ ಸಂರಕ್ಷಣಾ ಮೀಸಲು ಘೋಷಣೆಯಾದದ್ದು ಅದಕ್ಕೇ ನನಗೆ ದೊಡ್ಡ ಸಂಗತಿ.

ನದಿದಂಡೆಯ ಕೆಲವು ರೆಸಾರ್ಟುಗಳಲ್ಲಿ ರಾತ್ರಿಯಿಡೀ ಸ್ಪೀಕರ್ ಹಾಕುತ್ತಾರೆ. ಅಂಥಲ್ಲಿ ಉಳಿಯಬೇಡಿ, ಜೋಯಿಡಾ ಕಡೆಯ ಮನೆಗಳಲ್ಲಿ ತಂಗಿ, ಕುಣಬಿಯರು ಬೆಳೆಯುವ ಗೆಡ್ಡೆಗೆಣಸಿನ ಊಟ ಕೇಳಿ. ಫೆಬ್ರುವರಿಯಿಂದ ಮೇವರೆಗೆ ಹೋಗುವವರು ಗೂಡಿನ ಮರ ತೋರಿಸೆಂದು ಗೈಡನ್ನು ಪೀಡಿಸಬೇಡಿ. ಮರದ ಬುಡದಲ್ಲಿ ಕ್ಯಾಮೆರಾ ಹಿಡಿದವರು ನಿಂತಿದ್ದರೆ ಗಂಡು ಹತ್ತಿರ ಸುಳಿಯುವುದಿಲ್ಲ. ಒಳಗಿರುವ ತಾಯಿಗೂ ಮರಿಗೂ ಅಷ್ಟು ಹೊತ್ತು ಉಪವಾಸ.